ಕರಿಕೋಟಿಗೆ ಡಂಗುರ ಸಲ್ಲದು

ಮಾತಿನಿಂದ ಜೀವನ ಸಾಗಿಸುವ ವೃತ್ತಿಗಳು ಲೋಕದಲ್ಲಿ ಅನೇಕ. ಅವುಗಳಲ್ಲಿ ನ್ಯಾಯವಾದಿಯ ವೃತ್ತಿಗೆ ವಿಶೇಷವಾದ ಸ್ಥಾನವಿದೆ. ತನ್ನ ನೋವನ್ನು ತಾನೇ ಹೇಳಿಕೊಳ್ಳಲಾರದವನ ಪರವಾಗಿ ನ್ಯಾಯಪೀಠದ ಮುಂದೆ ನಿಂತು ನಿವೇದಿಸುವ ಅಧಿಕಾರವನ್ನು ಸಮಾಜವು ಈ ವೃತ್ತಿಗೆ ಮಾತ್ರ ಒಪ್ಪಿಸಿದೆ. ಇಂತಹ ಅಧಿಕಾರವನ್ನು ಪಡೆದವನು ಪ್ರತಿಯಾಗಿ ಕೆಲವು ಸಂಯಮಗಳನ್ನು ಸ್ವೀಕರಿಸಬೇಕೆಂಬುದು ಬಹುಕಾಲದ ಒಪ್ಪಂದ. ಆ ಸಂಯಮಗಳಲ್ಲಿ ಒಂದು, ತನ್ನ ಕೆಲಸವನ್ನು ತಾನೇ ಹೊಗಳಿಕೊಂಡು ಕಕ್ಷಿದಾರರನ್ನು ಕರೆಯದಿರುವುದು. ಈ ಒಪ್ಪಂದವು ಇಂದು ಅಂಗೈಯಗಲದ ಫೋನಿನ ಪರದೆಯ ಮೇಲೆ ದಿನದಿನವೂ ಮುರಿದುಬೀಳುತ್ತಿದೆ. ಮುರಿಯುವವರಿಗೆ ಸಂಕೋಚವಿಲ್ಲ, ನೋಡುವವರಿಗೆ ಅದು ತಪ್ಪೆಂಬ ಅರಿವೂ ಇಲ್ಲ. ಈ ಎರಡನೆಯದೇ ಹೆಚ್ಚು ಖೇದಕರ.

ಪುತ್ತೂರು ಮತ್ತು ಸುಳ್ಯದ ಹಿರಿಯರಿಗೆ ಹಿಂದಿನ ವಕೀಲರ ಕಛೇರಿಗಳ ಚಿತ್ರ ಇನ್ನೂ ಮಾಸಿರಲಾರದು. ಪೇಟೆಯ ಹಳೆಯ ಕಟ್ಟಡದ ಮಹಡಿ, ಮರದ ಮೆಟ್ಟಿಲು, ಬಾಗಿಲಿನ ಪಕ್ಕದಲ್ಲಿ ಹೆಸರು ಮತ್ತು ಪದವಿ ಮಾತ್ರ ಬರೆದಿದ್ದ ಗೇಣುದ್ದದ ಹಲಗೆ. ಯಾರು ಒಳ್ಳೆಯ ವಕೀಲರೆಂಬುದನ್ನು ಆ ಹಲಗೆ ಹೇಳುತ್ತಿರಲಿಲ್ಲ. ಊರು ಹೇಳುತ್ತಿತ್ತು. ಸೋತವನೂ ಗೆದ್ದವನೂ ಸಂತೆಯಲ್ಲಿ, ಬಸ್ಸಿನಲ್ಲಿ, ಮದುವೆಯ ಚಪ್ಪರದಲ್ಲಿ ಹೇಳುತ್ತಿದ್ದರು. ಇಂದು ಸುಳ್ಯದ ತೋಟದ ಮನೆಯಲ್ಲಿ ಕುಳಿತವನಿಗೆ, ಕಡಬದ ರಬ್ಬರ್ ಬೆಳೆಗಾರನಿಗೆ, ಪುತ್ತೂರಿನ ವರ್ತಕನಿಗೆ ಯೂಟ್ಯೂಬ್, ಇನ್‌ಸ್ಟಾಗ್ರಾಂ, ಫೇಸ್‌ಬುಕ್ ಮತ್ತು ವಾಟ್ಸಾಪ್ ಮೂಲಕ ಕರಿಕೋಟು ಧರಿಸಿದ ಅಪರಿಚಿತರು ರಾತ್ರಿ ಹತ್ತರ ಮೇಲೆಯೂ ಕಾನೂನು ಬೋಧಿಸುತ್ತಾರೆ. ಮೂರು ನಿಮಿಷದ ಬೋಧನೆಯ ಕೊನೆಯಲ್ಲಿ ದೂರವಾಣಿ ಸಂಖ್ಯೆಯೊಂದು ಮಿನುಗುತ್ತದೆ. ಬೋಧನೆಗೆಲ್ಲ ಆ ಸಂಖ್ಯೆಯೇ ಗುರಿ.

ನಿಯಮ ಏನೆನ್ನುತ್ತದೆ?

ಇದು ಕೇವಲ ಶಿಷ್ಟಾಚಾರದ ಪ್ರಶ್ನೆಯೆಂದು ತಿಳಿಯಬಾರದು. 1961ರ ನ್ಯಾಯವಾದಿಗಳ ಅಧಿನಿಯಮದ ಅಡಿಯಲ್ಲಿ ಭಾರತೀಯ ವಕೀಲರ ಪರಿಷತ್ತು ರಚಿಸಿದ ನಿಯಮಗಳಲ್ಲಿ 36ನೆಯ ನಿಯಮವು ಸ್ಪಷ್ಟವಾಗಿದೆ. ನ್ಯಾಯವಾದಿಯು ನೇರವಾಗಿಯಾಗಲಿ ಪರೋಕ್ಷವಾಗಿಯಾಗಲಿ ಕೆಲಸವನ್ನು ಯಾಚಿಸಬಾರದು, ಜಾಹೀರಾತು ನೀಡಬಾರದು. ಸುತ್ತೋಲೆ, ದಲ್ಲಾಳಿ, ವೈಯಕ್ತಿಕ ಪತ್ರ, ಪತ್ರಿಕೆಗಳಲ್ಲಿ ಟಿಪ್ಪಣಿ ಬರೆಯಿಸುವುದು, ತಾನು ನಡೆಸುವ ಮೊಕದ್ದಮೆಗೆ ಸಂಬಂಧಿಸಿ ಭಾವಚಿತ್ರ ಪ್ರಕಟಿಸುವುದು, ಇವೆಲ್ಲವೂ ನಿಷಿದ್ಧ. ನಾಮಫಲಕ ಮಿತವಾದ ಗಾತ್ರದ್ದಾಗಿರಬೇಕು. ತಾನು ಇಂತಹ ಸಂಘದ ಅಧ್ಯಕ್ಷ, ಇಂತಹ ಸಂಸ್ಥೆಗೆ ಸಂಬಂಧಪಟ್ಟವನು, ಇಂತಹ ವ್ಯಾಜ್ಯದಲ್ಲಿ ವಿಶೇಷ ಪರಿಣತ ಎಂದು ಫಲಕದ ಮೇಲಾಗಲಿ ಕಾಗದದ ಮೇಲಾಗಲಿ ಸೂಚಿಸುವಂತಿಲ್ಲ. ನಿಯಮ ಮೀರಿದವನ ವಿಚಾರಣೆಗೆ ಅಧಿನಿಯಮದ 35ನೆಯ ಕಲಮು ದಾರಿ ಮಾಡಿದೆ. ಎಚ್ಚರಿಕೆ, ಅಮಾನತು, ಕೊನೆಗೆ ಪಟ್ಟಿಯಿಂದ ಹೆಸರು ತೆಗೆಯುವವರೆಗೂ ಶಿಕ್ಷೆಯುಂಟು.

ನಿಯಮದ ಹಿಂದಿನ ಮನೋಧರ್ಮವನ್ನು ಸರ್ವೋಚ್ಚ ನ್ಯಾಯಾಲಯವು 1975ರಲ್ಲಿ ದಾಭೋಲ್ಕರ್ ಪ್ರಕರಣದಲ್ಲಿ ವಿವರಿಸಿತು. ಮುಂಬಯಿಯ ಕ್ರಿಮಿನಲ್ ನ್ಯಾಯಾಲಯದ ಬಾಗಿಲಿನಲ್ಲಿ ಕೆಲವು ವಕೀಲರು ಕಾದು ನಿಂತು, ಬರುವ ಕಕ್ಷಿದಾರರ ಮೇಲೆ ಮುಗಿಬಿದ್ದು, ಕೈಯಲ್ಲಿದ್ದ ಕಾಗದಗಳನ್ನು ಕಸಿದುಕೊಳ್ಳುತ್ತಿದ್ದರೆಂಬುದು ಆ ಪ್ರಕರಣದ ವಿಷಯ. ನೆರೆಯ ಮಲಬಾರಿನ ತಲಶ್ಶೇರಿಯಲ್ಲಿ ವಕೀಲಿ ನಡೆಸಿ ಮುಂದೆ ನ್ಯಾಯಮೂರ್ತಿಗಳಾದ ವಿ. ಆರ್. ಕೃಷ್ಣ ಅಯ್ಯರ್ ಅವರು, ಕಾನೂನು ವ್ಯಾಪಾರವಲ್ಲ, ಮೊಕದ್ದಮೆಗಳು ಸರಕಲ್ಲ ಎಂಬ ಆಶಯವನ್ನು ಆ ತೀರ್ಪಿನಲ್ಲಿ ನುಡಿದರು. ಅಂದು ನ್ಯಾಯಾಲಯದ ಬಾಗಿಲಿನಲ್ಲಿ ಕಾಗದ ಕಸಿಯುತ್ತಿದ್ದ ಕೈಗೂ ಇಂದು ಫೋನಿನ ಪರದೆಯಿಂದ ಚಾಚುವ ಕೈಗೂ ಇರುವ ಅಂತರವೆಷ್ಟು? ಬಾಗಿಲಿನಲ್ಲಿ ಕಾಯುತ್ತಿದ್ದವನು ಕಕ್ಷಿದಾರನು ನ್ಯಾಯಾಲಯಕ್ಕೆ ಬರುವವರೆಗಾದರೂ ತಾಳುತ್ತಿದ್ದನು. ಪರದೆಯವನು ಮನೆಯ ಒಳಕೋಣೆಗೇ ಬರುತ್ತಾನೆ.

ನಿಯಮವು ಕಾಲಕ್ಕೆ ಕಣ್ಣು ಮುಚ್ಚಿ ಕುಳಿತಿಲ್ಲವೆಂಬುದನ್ನೂ ಹೇಳಬೇಕು. ವಿ. ಬಿ. ಜೋಶಿ ಎಂಬವರು ಸರ್ವೋಚ್ಚ ನ್ಯಾಯಾಲಯದಲ್ಲಿ ಸಲ್ಲಿಸಿದ ಅರ್ಜಿಯ ಫಲವಾಗಿ 2008ರಲ್ಲಿ ನಿಯಮಕ್ಕೆ ತಿದ್ದುಪಡಿಯಾಯಿತು. ಅದರಂತೆ ನ್ಯಾಯವಾದಿಯು ತನ್ನ ಜಾಲತಾಣದಲ್ಲಿ ಹೆಸರು, ವಿಳಾಸ, ದೂರವಾಣಿ, ನೋಂದಣಿಯ ವಿವರ, ವಿದ್ಯಾರ್ಹತೆ ಮತ್ತು ವೃತ್ತಿಯ ಕ್ಷೇತ್ರಗಳನ್ನು ನಮೂದಿಸಬಹುದು. ಹುಡುಕಿಕೊಂಡು ಬರುವವನಿಗೆ ವಿಳಾಸ ಸಿಗಲಿ ಎಂಬುದು ಇದರ ಉದ್ದೇಶ. ಹುಡುಕದವನನ್ನು ಹಿಡಿದೆಳೆಯಲು ಇದು ಪರವಾನಗಿಯಲ್ಲ. 2024ರ ಜುಲೈಯಲ್ಲಿ ಮದ್ರಾಸ್ ಉಚ್ಚ ನ್ಯಾಯಾಲಯವು, ಅಂತರಜಾಲದ ಸೇವಾ ಸಂಸ್ಥೆಗಳ ಮೂಲಕ ಕೆಲಸ ಯಾಚಿಸುವ ನ್ಯಾಯವಾದಿಗಳ ಮೇಲೆ ಶಿಸ್ತುಕ್ರಮ ಕೈಗೊಳ್ಳುವಂತೆ ರಾಜ್ಯ ಪರಿಷತ್ತುಗಳಿಗೆ ಸುತ್ತೋಲೆ ಕಳುಹಿಸಲು ಭಾರತೀಯ ವಕೀಲರ ಪರಿಷತ್ತಿಗೆ ನಿರ್ದೇಶನ ನೀಡಿತು. 2025ರ ಮಾರ್ಚ್ ತಿಂಗಳಿನಲ್ಲಿ ಪರಿಷತ್ತು ಮತ್ತೊಮ್ಮೆ ಪ್ರಕಟಣೆ ಹೊರಡಿಸಿ, ಚಲನಚಿತ್ರ ನಟರನ್ನೂ ಸಾಮಾಜಿಕ ಜಾಲತಾಣಗಳ ಜನಪ್ರಿಯ ವ್ಯಕ್ತಿಗಳನ್ನೂ ಬಳಸಿ ಮಾಡುವ ಪ್ರಚಾರವನ್ನು ಖಂಡಿಸಿತು. ಆದ್ದರಿಂದ ನಿಯಮ ತಿಳಿಯದು ಎಂಬ ಸಮಜಾಯಿಷಿ, ಕಾನೂನನ್ನೇ ಬೋಧಿಸುವವರ ಬಾಯಲ್ಲಿ ಶೋಭಿಸದು.

ಅಡಿಕೆಯ ಅಂಗಡಿಯೂ ವಕೀಲರ ಕಛೇರಿಯೂ

ಇಲ್ಲಿ ವ್ಯಾಪಾರಿ ವರ್ಗದವರು ಒಂದು ಪ್ರಶ್ನೆ ಎತ್ತುವುದು ಸಹಜ. ಬಟ್ಟೆಯ ಅಂಗಡಿಗೆ ಜಾಹೀರಾತು ಸಲ್ಲುವುದಾದರೆ, ಚಿನ್ನದ ಅಂಗಡಿಗೆ ಸಲ್ಲುವುದಾದರೆ, ವಕೀಲನಿಗೇಕೆ ಸಲ್ಲದು? ಸರ್ವೋಚ್ಚ ನ್ಯಾಯಾಲಯವೇ 1995ರ ಟಾಟಾ ಪ್ರೆಸ್ ಪ್ರಕರಣದಲ್ಲಿ ವಾಣಿಜ್ಯ ಜಾಹೀರಾತಿಗೂ ಸಂವಿಧಾನದ ವಾಕ್‌ಸ್ವಾತಂತ್ರ್ಯದ ರಕ್ಷಣೆಯುಂಟೆಂದು ಹೇಳಿತಲ್ಲವೇ?

ಉತ್ತರವು ಪುತ್ತೂರಿನ ಯಾವುದೇ ಅಡಿಕೆ ಅಂಗಡಿಯಲ್ಲಿ ದೊರೆಯುತ್ತದೆ. ಚಾಲಿ ಅಡಿಕೆ ಕೊಳ್ಳುವವನು ಮಾರುವವನ ಮಾತಿನ ಮೇಲೆ ಹಣ ಕೊಡುವುದಿಲ್ಲ. ಗೋಣಿಯೊಳಗೆ ಕೈ ಹಾಕಿ ಅಡಿಯಿಂದ ನಾಲ್ಕು ಅಡಿಕೆ ತೆಗೆಯುತ್ತಾನೆ, ಕತ್ತರಿಸಿ ಒಳಗಿನ ಬಣ್ಣ ನೋಡುತ್ತಾನೆ, ಹೊಸತು ಯಾವುದು ಹಳತು ಯಾವುದು, ಪಟೋರ ಎಷ್ಟು ಕೋಕ ಎಷ್ಟು ಎಂದು ಬೇರ್ಪಡಿಸುತ್ತಾನೆ, ಆಮೇಲೆ ಧಾರಣೆ ಹೇಳುತ್ತಾನೆ. ಮಾರುವವನು ಎಷ್ಟು ಹೊಗಳಿದರೂ ಅಡಿಕೆಯೇ ಸಾಕ್ಷಿ. ವಕೀಲನ ಸೇವೆಯನ್ನು ಹೀಗೆ ಕತ್ತರಿಸಿ ನೋಡಲಾಗದು. ವಕಾಲತ್ತಿಗೆ ಸಹಿ ಹಾಕುವ ದಿನ ಕಕ್ಷಿದಾರನಿಗೆ ಅದರ ಗುಣ ತಿಳಿಯದು. ಹತ್ತು ವರ್ಷದ ನಂತರ ತೀರ್ಪು ಬಂದಾಗಲೂ, ಸೋಲು ವಕೀಲನದೋ ಸಾಕ್ಷ್ಯದ್ದೋ ಎಂದು ನಿರ್ಣಯಿಸುವ ಶಕ್ತಿ ಅವನಿಗಿರದು. ಪರೀಕ್ಷಿಸಲಾಗದ ವಸ್ತುವಿಗೆ ಹೊಗಳಿಕೆಯೊಂದೇ ಆಧಾರವಾದರೆ ಕೊಳ್ಳುವವನು ಸಂಪೂರ್ಣ ಅಸಹಾಯಕನಾಗುತ್ತಾನೆ. ಲೆಕ್ಕಪರಿಶೋಧಕರಿಗೂ 1949ರ ಅವರ ಅಧಿನಿಯಮವು ಕೆಲಸ ಯಾಚಿಸುವುದನ್ನು ದುರ್ನಡತೆಯೆಂದು ಪರಿಗಣಿಸಿರುವುದು ಇದೇ ಕಾರಣಕ್ಕೆ.

ಇದಕ್ಕಿಂತಲೂ ಬಲವಾದ ಕಾರಣ ಇನ್ನೊಂದುಂಟು. ಕೊಂಡ ಸರಕು ಕೆಟ್ಟದ್ದಾದರೆ ಕೊಂಡವನು ಗ್ರಾಹಕರ ವೇದಿಕೆಗೆ ಹೋಗಿ ವ್ಯಾಪಾರಿಯನ್ನು ಪ್ರಶ್ನಿಸಬಹುದು. ವಕೀಲರೂ ಈ ಕಾನೂನಿಗೆ ಒಳಪಡುತ್ತಾರೆಂದು ರಾಷ್ಟ್ರೀಯ ಗ್ರಾಹಕ ಆಯೋಗವು 2007ರಲ್ಲಿ ಹೇಳಿತ್ತು. ವಕೀಲರ ಸಂಸ್ಥೆಗಳು ಅದನ್ನು ಸರ್ವೋಚ್ಚ ನ್ಯಾಯಾಲಯದಲ್ಲಿ ಪ್ರಶ್ನಿಸಿದವು. ವಕೀಲಿ ವೃತ್ತಿಯು ವ್ಯಾಪಾರವಲ್ಲ, ಅದನ್ನು ವ್ಯಾಪಾರದ ಅಳತೆಗೋಲಿನಿಂದ ಅಳೆಯಬಾರದು ಎಂಬುದು ಅವುಗಳ ವಾದ. 2024ರ ಮೇ 14ರಂದು ನ್ಯಾಯಾಲಯವು ಆ ವಾದವನ್ನು ಪುರಸ್ಕರಿಸಿ, ನ್ಯಾಯವಾದಿಗಳ ಸೇವೆಯು ಗ್ರಾಹಕ ಸಂರಕ್ಷಣಾ ಅಧಿನಿಯಮದ ವ್ಯಾಪ್ತಿಗೆ ಬಾರದೆಂದು ತೀರ್ಪಿತ್ತಿತು. ತೀರ್ಪು ಶಿರಸಾವಹಿಸತಕ್ಕದ್ದು. ಆದರೆ ಆ ತೀರ್ಪಿನ ಫಲವನ್ನು ಉಣ್ಣುವವರು ಅದರ ಭಾರವನ್ನೂ ಹೊರಬೇಕಲ್ಲವೇ? ಗ್ರಾಹಕನು ದೂರು ಕೊಡಲು ಬಂದಾಗ ತಾನು ವ್ಯಾಪಾರಿಯಲ್ಲವೆಂದು ಬಾಗಿಲು ಹಾಕಿಕೊಳ್ಳುವವನು, ಗ್ರಾಹಕನನ್ನು ಕರೆಯುವಾಗ ಮಾತ್ರ ವ್ಯಾಪಾರಿಯ ಡಂಗುರವನ್ನು ಹಿಡಿಯುವುದು ಯಾವ ನ್ಯಾಯ? ತಕ್ಕಡಿಯ ಎರಡು ತಟ್ಟೆಗಳಿಗೂ ಒಂದೇ ಬಟ್ಟು ಇರಬೇಕು. ತೆಗೆದುಕೊಳ್ಳಲು ಒಂದು, ಕೊಡಲು ಮತ್ತೊಂದು ಇಟ್ಟುಕೊಳ್ಳುವವನನ್ನು ಅಂಗಡಿ ಬೀದಿಯಲ್ಲಿ ಏನೆಂದು ಕರೆಯುತ್ತಾರೆಂಬುದು ವರ್ತಕರಿಗೆಲ್ಲ ತಿಳಿದಿದೆ.

ಅರ್ಧಸತ್ಯದ ಬೋಧನೆ

ಪ್ರಚಾರಕ್ಕಾಗಿ ತಯಾರಾದ ಬೋಧನೆಯು ಪೂರ್ಣಸತ್ಯವನ್ನು ಹೇಳಲಾರದು. ಪೂರ್ಣಸತ್ಯಕ್ಕೆ ‘ಆದರೆ’ಗಳು ಬೇಕು, ‘ಒಂದುವೇಳೆ’ಗಳು ಬೇಕು. ಮೂರು ನಿಮಿಷದಲ್ಲಿ ಅವಕ್ಕೆ ಸ್ಥಳವಿಲ್ಲ, ನೋಡುಗನಿಗೆ ತಾಳ್ಮೆಯಿಲ್ಲ. ಈ ಮೂರು ತಾಲೂಕುಗಳ ಭೂಮಿ ಮತ್ತು ಕುಟುಂಬದ ಸಂಗತಿಗಳಲ್ಲಿ ಅರ್ಧಸತ್ಯವು ಎಷ್ಟು ಅಪಾಯಕಾರಿ ಎಂಬುದಕ್ಕೆ ಎರಡು ಉದಾಹರಣೆಗಳು ಸಾಕು.

ಹನ್ನೆರಡು ವರ್ಷ ಅನುಭವದಲ್ಲಿದ್ದರೆ ಜಾಗ ನಿಮ್ಮದೇ ಎಂಬ ಮಾತು ಈ ಪ್ರಸಾರಗಳಿಗೆ ಬಲು ಪ್ರಿಯವಾದ ಶೀರ್ಷಿಕೆ. 1963ರ ಕಾಲಪರಿಮಿತಿ ಅಧಿನಿಯಮದಲ್ಲಿ ಖಾಸಗಿ ಭೂಮಿಯ ಸ್ವಾಧೀನಕ್ಕಾಗಿ ಹೂಡುವ ದಾವೆಗೆ 12 ವರ್ಷದ ಅವಧಿ ಇರುವುದು ನಿಜ. ಆದರೆ ಸರಕಾರದ ವಿಷಯದಲ್ಲಿ ಆ ಅವಧಿ 30 ವರ್ಷ. ಮೇಲಾಗಿ ಬರಿಯ ಅನುಭವ ಸಾಲದು, ಒಡೆಯನಿಗೆ ವಿರುದ್ಧವಾಗಿ, ಅವನ ಅರಿವಿಗೆ ಬರುವಂತೆ ಅನುಭವಿಸಿರಬೇಕು. ದಕ್ಷಿಣ ಕನ್ನಡದ ಕೃಷಿಕನಿಗೆ ಕುಮ್ಕಿ ಭೂಮಿಯುಂಟು. ಕದೀಂ ವರ್ಗದ ಎಲ್ಲೆಯಿಂದ 100 ಗಜದೊಳಗಿನ ಸರಕಾರಿ ಜಮೀನಿನಲ್ಲಿ ಸೊಪ್ಪು, ಸೌದೆ, ಹುಲ್ಲಿಗಾಗಿ ದೊರೆತ ಸೌಲಭ್ಯ ಅದು. ಸರಕಾರವೇ ಒಪ್ಪಿ ಕೊಟ್ಟ ಸೌಲಭ್ಯವನ್ನು ಅನುಭವಿಸುವವನು ಸರಕಾರಕ್ಕೆ ವಿರುದ್ಧವಾಗಿ ಅನುಭವಿಸುತ್ತಿದ್ದೇನೆಂದು ಹೇಗೆ ಹೇಳಿಯಾನು? ಕುಮ್ಕಿಯೆಂಬ ಪದವನ್ನೇ ಕೇಳಿರದ ಯಾವುದೋ ಊರಿನ ಉಪದೇಶಕನ ಮಾತನ್ನು ನಂಬಿ, ಕಡಬದ ಕೃಷಿಕನು ದಾವೆ ಹೂಡಿದರೆ ಕಳೆದುಕೊಳ್ಳುವುದು ಶುಲ್ಕವನ್ನಷ್ಟೇ ಅಲ್ಲ. ಅರ್ಜಿ ಸಲ್ಲಿಸಿ ಸಕ್ರಮ ಮಾಡಿಸಿಕೊಳ್ಳಬಹುದಾದ ದಾರಿಯೊಂದಿದ್ದರೆ ಅದನ್ನೂ ತಾನೇ ಕೆಡಿಸಿಕೊಂಡಂತೆ.

ಎರಡನೆಯ ಉದಾಹರಣೆಯು ತುಳುನಾಡಿನ ಜೈನ ಮತ್ತು ಬಂಟ ಮನೆತನಗಳ ಬುಡಕ್ಕೇ ತಗಲುವಂತಹುದು. 2005ರ ತಿದ್ದುಪಡಿಯಿಂದ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಸಮಪಾಲು ದೊರೆಯಿತು, 2020ರ ವಿನೀತಾ ಶರ್ಮಾ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ ಅದನ್ನು ದೃಢಪಡಿಸಿತು ಎಂದು ಪ್ರಸಾರಗಳು ಸಾರುತ್ತವೆ. ಮಾತು ನಿಜ, ಸುಧಾರಣೆಯೂ ಶ್ಲಾಘ್ಯ. ಆದರೆ 2004ರ ಡಿಸೆಂಬರ್ 20ಕ್ಕೆ ಮೊದಲು ಕ್ರಮಬದ್ಧವಾಗಿ ಆಗಿಹೋದ ವಿಭಾಗಕ್ಕೆ ಆ ತಿದ್ದುಪಡಿ ತಗಲದೆಂಬುದನ್ನು ಅವು ಹೇಳುವುದಿಲ್ಲ. ಆ ತಿದ್ದುಪಡಿ ಮಿತಾಕ್ಷರ ಪದ್ಧತಿಯ ಅವಿಭಕ್ತ ಕುಟುಂಬಕ್ಕೆ ಸಂಬಂಧಿಸಿದ್ದೆಂಬುದನ್ನಂತೂ ಹೇಳುವುದೇ ಇಲ್ಲ. ಅಳಿಯಸಂತಾನದ ಕುಟುಂಬದ ಸ್ವತ್ತಿನ ಚರಿತ್ರೆಯೇ ಬೇರೆ. ಅಲ್ಲಿ ವಂಶ ಹೆಣ್ಣಿನಿಂದ ಮುಂದುವರಿಯುತ್ತಿತ್ತು. ಮಗಳು ಹುಟ್ಟಿನಿಂದಲೇ ಕುಟುಂಬದ ಸದಸ್ಯೆ, ಮಗನ ಮಕ್ಕಳು ತಮ್ಮ ತಾಯಿಯ ಕುಟುಂಬಕ್ಕೆ ಸೇರಿದವರು. 1949ರ ಮದ್ರಾಸ್ ಅಳಿಯಸಂತಾನ ಅಧಿನಿಯಮವು ಕವರುಗಳ ವಿಭಾಗಕ್ಕೆ ಅವಕಾಶ ಕೊಟ್ಟಿತು. ನಿಸ್ಸಂತತಿ ಕವರಿಗೆ ಜೀವಿತಾವಧಿಯ ಹಕ್ಕು ಮಾತ್ರವೆಂಬಂತಹ ವಿಶೇಷಗಳು ಅದರಲ್ಲಿದ್ದವು. 1956ರ ಹಿಂದೂ ಉತ್ತರಾಧಿಕಾರ ಅಧಿನಿಯಮವು ಜೈನರಿಗೂ ಅನ್ವಯಿಸುತ್ತದೆ, ಮತ್ತು ಅದರ 7ನೆಯ ಕಲಮಿನಲ್ಲಿ ಕುಟುಂಬ, ಕವರುಗಳ ಅವಿಭಕ್ತ ಹಿತಾಸಕ್ತಿಗೆ ಪ್ರತ್ಯೇಕ ವಿಧಿಯಿದೆ. ಇಷ್ಟನ್ನೂ ತಿಳಿಯಬೇಕಾದರೆ ಹಳೆಯ ಪಾಲುಪಟ್ಟಿ, ವರ್ಗದ ದಾಖಲೆ, ವಂಶಾವಳಿಗಳನ್ನು ಮೇಜಿನ ಮೇಲೆ ಹರಡಿ ಓದುವ ವಕೀಲ ಬೇಕು. ಎಲ್ಲರಿಗೂ ಒಂದೇ ಅಳತೆಯ ಅಂಗಿ ಹೊಲಿದು ಪರದೆಯ ಮೇಲೆ ತೂಗುಹಾಕುವವನಿಂದ ಆಗುವ ಕೆಲಸವಲ್ಲ. ಇಂತಹ ಅರ್ಧ ತಿಳಿವಳಿಕೆಯಿಂದ ಅಣ್ಣನು ತಂಗಿಗೆ, ಸೋದರಮಾವನು ಸೊಸೆಗೆ ನೋಟೀಸು ಕಳುಹಿಸುವ ಪ್ರಸಂಗ ಬಂದರೆ, ಮೊಕದ್ದಮೆ ಮುಂದೆ ವಜಾ ಆಗಬಹುದು. ದೈವಸ್ಥಾನದ ಪರ್ವಕ್ಕೂ ಬಸದಿಯ ಪೂಜೆಗೂ ಒಟ್ಟಿಗೆ ಬರುತ್ತಿದ್ದವರ ನಡುವಿನ ಮಾತು ಮತ್ತೆ ಕೂಡುವುದು ಸುಲಭವಲ್ಲ.

ಅಪಘಾತದ ವಿಷಯ ಇನ್ನೂ ಹೇಯ. ಮಾಣಿಯಿಂದ ಪುತ್ತೂರು, ಸುಳ್ಯ, ಸಂಪಾಜೆಯ ಮೂಲಕ ಮೈಸೂರಿಗೆ ಹೋಗುವ ಹೆದ್ದಾರಿಯಲ್ಲಿ ಮಗನೊಬ್ಬ ಗಾಯಗೊಂಡು ಆಸ್ಪತ್ರೆಯಲ್ಲಿ ಮಲಗಿದ್ದಾನೆಂದು ಭಾವಿಸೋಣ. ತಂದೆಯು ಫೋನಿನಲ್ಲಿ ಪರಿಹಾರದ ಕುರಿತು ಒಮ್ಮೆ ಹುಡುಕಿದರೆ ಸಾಕು. ನೋಡುಗನ ಹುಡುಕಾಟವನ್ನೇ ಹಿಂಬಾಲಿಸುವ ಆ ಯಂತ್ರವು ಅಂದಿನಿಂದ ಪರಿಹಾರದ ಪ್ರಸಾರಗಳನ್ನೇ ಅವನ ಮುಂದೆ ಸುರಿಯುತ್ತದೆ. ಗೆದ್ದರೆ ಮಾತ್ರ ಶುಲ್ಕ, ಬಂದ ಹಣದಲ್ಲಿ ಇಷ್ಟು ಪಾಲು ಎಂಬ ಆಮಿಷವೂ ಬರಬಹುದು. ಫಲಿತಾಂಶವನ್ನು ಅವಲಂಬಿಸಿದ ಶುಲ್ಕವನ್ನು ಗೊತ್ತುಪಡಿಸುವುದನ್ನೂ ಬಂದ ಹಣದಲ್ಲಿ ಪಾಲು ಪಡೆಯುವುದನ್ನೂ ಪರಿಷತ್ತಿನ 20ನೆಯ ನಿಯಮ ನಿಷೇಧಿಸಿದೆಯೆಂದು ಆ ತಂದೆಗೆ ಯಾರು ಹೇಳಬೇಕು? ಹಿಂದೆ ಆಸ್ಪತ್ರೆಯ ಜಗಲಿಯಲ್ಲಿ ಓಡಾಡುತ್ತಿದ್ದ ದಲ್ಲಾಳಿಯನ್ನು ಜನ ಗುರುತಿಸುತ್ತಿದ್ದರು, ಬೈಯುತ್ತಿದ್ದರು. ನ್ಯಾಯಾಲಯದ ದಲ್ಲಾಳಿಗಳಿಗೆ 2023ರ ತಿದ್ದುಪಡಿಯು ಸೆರೆವಾಸದ ಶಿಕ್ಷೆಯನ್ನೂ ವಿಧಿಸಿದೆ. ಆದರೆ ಜೇಬಿನೊಳಗೇ ಕುಳಿತಿರುವ ಈ ಹೊಸ ದಲ್ಲಾಳಿಯನ್ನು ಜನ ಉಪಕಾರಿಯೆಂದು ತಿಳಿದಿದ್ದಾರೆ.

ಗುಟ್ಟಿನ ಒಡೆತನ ಯಾರದು?

ಪ್ರಚಾರಕ್ಕೆ ಬಂಡವಾಳ ಬೇಕು. ನ್ಯಾಯವಾದಿಯ ಬಂಡವಾಳವೆಂದರೆ ಕಕ್ಷಿದಾರರ ಕಥೆಗಳು. ಇತ್ತೀಚೆಗೆ ಒಂದು ವಿಚ್ಛೇದನದಲ್ಲಿ ಹೀಗಾಯಿತು, ಒಂದು ಮನೆತನದ ಆಸ್ತಿಯಲ್ಲಿ ಹೀಗೆ ಗೆದ್ದೆವು ಎಂದು ಹೆಸರು ಬಿಟ್ಟು ಹೇಳಿದರೆ ದೋಷವಿಲ್ಲವೆಂದು ಅವರ ಎಣಿಕೆ. ಮಹಾನಗರದಲ್ಲಿ ಅದು ಸರಿಯಿರಬಹುದು. ಸುಳ್ಯದಂತಹ ಪೇಟೆಯಲ್ಲಿ ಹೆಸರು ಬಿಟ್ಟರೂ ಊರು ಗುರುತಿಸುತ್ತದೆ. ಕಕ್ಷಿದಾರನು ವಕೀಲನಿಗೆ ಹೇಳಿದ ಮಾತನ್ನು ಅವನ ಒಪ್ಪಿಗೆಯಿಲ್ಲದೆ ಹೊರಗೆಡಹಬಾರದೆಂದು ಹಿಂದಿನ ಸಾಕ್ಷ್ಯ ಅಧಿನಿಯಮ ವಿಧಿಸಿತ್ತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 132ನೆಯ ಕಲಮೂ ಅದನ್ನೇ ವಿಧಿಸುತ್ತದೆ.

ಉಮಾಸ್ವಾಮಿ ಆಚಾರ್ಯರ ತತ್ತ್ವಾರ್ಥಸೂತ್ರವು ಸತ್ಯಾಣುವ್ರತಕ್ಕೆ ಐದು ಅತಿಚಾರಗಳನ್ನು ಹೇಳುತ್ತದೆಂಬುದು ಶ್ರಾವಕರಿಗೆ ತಿಳಿದ ವಿಷಯ. ಮಿಥ್ಯೋಪದೇಶ, ರಹೋಭ್ಯಾಖ್ಯಾನ, ಕೂಟಲೇಖಕ್ರಿಯೆ, ನ್ಯಾಸಾಪಹಾರ, ಸಾಕಾರಮಂತ್ರಭೇದ ಎಂಬ ಈ ಐದನ್ನೂ ಪ್ರಸ್ತುತ ವಿಷಯದೊಡನೆ ಇಟ್ಟು ನೋಡಬೇಕು. ತಪ್ಪು ದಾರಿಗೆ ಎಳೆಯುವ ಉಪದೇಶವು ಮೊದಲನೆಯದು. ಏಕಾಂತದಲ್ಲಿ ನಡೆದುದನ್ನು ಹೊರಗೆಡಹುವುದು ಎರಡನೆಯದು. ನಂಬಿ ಇಟ್ಟುದನ್ನು ಅಪಹರಿಸುವುದು ನಾಲ್ಕನೆಯದು. ಕಕ್ಷಿದಾರನ ಕಥೆಯೂ ನಂಬಿ ಇಟ್ಟ ನ್ಯಾಸವೇ ಅಲ್ಲವೇ? ಆತ್ಮಪ್ರಶಂಸೆ, ಪರನಿಂದೆ, ತನ್ನಲ್ಲಿಲ್ಲದ ಗುಣವನ್ನು ಪ್ರಕಟಿಸುವುದು, ಇವು ನೀಚಗೋತ್ರ ಕರ್ಮದ ಆಸ್ರವಕ್ಕೆ ಕಾರಣವೆಂದೂ ಅದೇ ಗ್ರಂಥ ತಿಳಿಸುತ್ತದೆ. ಪರಿಷತ್ತಿನ ನಿಯಮವನ್ನು ರಚಿಸಿದವರು ಈ ಗ್ರಂಥವನ್ನು ನೋಡಿ ರಚಿಸಿರಲಾರರು. ಆದರೂ ಎರಡೂ ಒಂದೇ ಕಡೆಗೆ ಬೆರಳು ತೋರಿಸುತ್ತಿರುವುದು ವಿಚಾರಣೀಯ.

ನ್ಯಾಯಾಲಯದ ಕಲಾಪವೂ ಪ್ರಚಾರದ ಸರಕಾಗಿದೆ. ಕರ್ನಾಟಕ ಉಚ್ಚ ನ್ಯಾಯಾಲಯವು 2021ರಲ್ಲಿ ಕಲಾಪದ ನೇರಪ್ರಸಾರವನ್ನು ಆರಂಭಿಸಿತು. ನ್ಯಾಯದಾನವನ್ನು ಪ್ರಜೆಗಳು ಕಾಣಲಿ ಎಂಬ ಉದಾತ್ತ ಉದ್ದೇಶ ಅದರದು. ಅನುಮತಿಯಿಲ್ಲದೆ ಅದನ್ನು ಮುದ್ರಿಸಿ ಹಂಚಬಾರದೆಂದು ನಿಯಮವಿದ್ದರೂ, ತುಣುಕುಗಳನ್ನು ಕತ್ತರಿಸಿ, ಸಂಗೀತ ಸೇರಿಸಿ, ಶೀರ್ಷಿಕೆ ಅಂಟಿಸಿ ಹರಡುವವರು ಹುಟ್ಟಿಕೊಂಡರು. 2024ರ ಸೆಪ್ಟೆಂಬರಿನಲ್ಲಿ ಉಚ್ಚ ನ್ಯಾಯಾಲಯವೇ ಅಂತಹ ತುಣುಕುಗಳ ಪ್ರಸಾರಕ್ಕೆ ತಡೆಯೊಡ್ಡಬೇಕಾಯಿತು. ಹಾಗೆಂದು ನೇರಪ್ರಸಾರವನ್ನೇ ನಿಲ್ಲಿಸಬೇಕೆಂಬುದು ಸರಿಯಾದ ಮಾತಲ್ಲ. ತೆರೆದ ಕಿಟಕಿಯನ್ನು ಮುಚ್ಚಬೇಕಾಗಿಲ್ಲ. ಕಿಟಕಿಯ ಗಾಜಿನ ಮೇಲೆ ತನ್ನ ಭಿತ್ತಿಪತ್ರ ಅಂಟಿಸುವವನನ್ನು ತಡೆದರೆ ಸಾಕು.

ಎದುರಾಳಿಯ ವಾದಗಳು

ಪ್ರತಿವಾದಿಗಳ ಮಾತನ್ನು ಕೇಳದೆ ತೀರ್ಪು ಕೊಡುವುದು ನ್ಯಾಯವಲ್ಲ. ಅವರ ವಾದಗಳಲ್ಲಿ ಒಂದು ನಿಜವಾಗಿಯೂ ಗಂಭೀರವಾದುದು. ಜಾಹೀರಾತಿನ ನಿಷೇಧವು ಹಳೆಯ ಹೆಸರುಗಳಿಗೆ ಮಾತ್ರ ಅನುಕೂಲ ಎನ್ನುತ್ತಾರೆ. ತಂದೆಯೋ ಸೋದರಮಾವನೋ ವಕೀಲರಾಗಿದ್ದವನಿಗೆ ಕಛೇರಿ, ಕಡತ, ಕಕ್ಷಿದಾರ ಮೂರೂ ಸಿದ್ಧವಾಗಿರುತ್ತವೆ. ಕಡಬದ ಕೃಷಿಕೂಲಿಯ ಮಗಳು ಪುತ್ತೂರಿನಲ್ಲೋ ಸುಳ್ಯದಲ್ಲೋ ಕಾನೂನು ಕಾಲೇಜಿನಲ್ಲಿ ಓದಿ ಸನ್ನದು ಪಡೆದರೆ ಅವಳ ಹೆಸರು ಯಾರಿಗೆ ಗೊತ್ತು? ಅವಳು ಫೋನಿನ ಮುಂದೆ ನಿಂತು ನಾಲ್ಕು ಮಾತಾಡಿದರೆ ಅಪರಾಧವೇ?

ಈ ಪ್ರಶ್ನೆಗೆ ಬರಿಯ ನಿಯಮವನ್ನು ಓದಿಹೇಳಿದರೆ ಉತ್ತರವಾಗದು. ಅನ್ಯಾಯ ಇರುವುದು ನಿಜ. ಆದರೆ ಡಂಗುರದಿಂದ ಆ ಅನ್ಯಾಯ ನೀಗುವುದೇ? ಡಂಗುರದ ಪೈಪೋಟಿಯಲ್ಲಿ ಗೆಲ್ಲುವವನು ಹೆಚ್ಚು ಹಣ ಸುರಿಯಬಲ್ಲವನು. ನಟರನ್ನು ಕರೆತರಬಲ್ಲ ಮಹಾನಗರದ ಸಂಸ್ಥೆಯ ಮುಂದೆ ಕಡಬದ ಯುವ ವಕೀಲೆಯ ನಾಲ್ಕು ಮಾತು ಎಷ್ಟು ದೂರ ಕೇಳಿಸೀತು? ಇಂದು ಊರಿನ ಹಿರಿಯ ವಕೀಲರೊಡನೆ ಮಾತ್ರ ಸ್ಪರ್ಧಿಸಬೇಕಾದವಳು ನಾಳೆ ಬೆಂಗಳೂರಿನ ಪ್ರಚಾರ ಸಂಸ್ಥೆಯೊಡನೆ ಸ್ಪರ್ಧಿಸಬೇಕಾಗುತ್ತದೆ. ಅವಳಿಗೆ ಬೇಕಾದುದು ಕೆಲಸ. ಅದನ್ನು ಕೊಡುವ ಮಾರ್ಗಗಳು ಬೇರೆ ಇವೆ; ಮುಂದೆ ಹೇಳಲಾಗುವುದು.

ಕಾನೂನಿನ ಅರಿವು ಜನರಿಗೆ ಬೇಡವೇ ಎಂಬುದು ಎರಡನೆಯ ವಾದ. ಬೇಕು, ಅತ್ಯಗತ್ಯವಾಗಿ ಬೇಕು. 36ನೆಯ ನಿಯಮವು ಕಾನೂನನ್ನು ಬೋಧಿಸಬಾರದೆಂದು ಎಲ್ಲಿಯೂ ಹೇಳಿಲ್ಲ. ಬೋಧನೆಯೋ ಯಾಚನೆಯೋ ಎಂದು ತಿಳಿಯಲು ಸುಲಭವಾದ ಪರೀಕ್ಷೆಯುಂಟು. ಪ್ರಸಾರದಿಂದ ದೂರವಾಣಿ ಸಂಖ್ಯೆಯನ್ನೂ ಕಛೇರಿಯ ಹೆಸರನ್ನೂ ಗೆಲುವಿನ ಕಥೆಗಳನ್ನೂ ತೆಗೆದುಹಾಕಿದರೆ ಉಪದೇಶಕನು ಅದನ್ನು ಮಾಡಲು ಒಪ್ಪುವನೇ? ಒಪ್ಪಿದರೆ ಅದು ಜ್ಞಾನದಾನ. ಒಪ್ಪದಿದ್ದರೆ ಜ್ಞಾನವು ಗಾಳದ ತುದಿಯ ಎರೆ.

ಮೂರನೆಯ ವಾದ, ಪಾಶ್ಚಾತ್ಯ ದೇಶಗಳು ಈ ನಿಷೇಧವನ್ನು ಕೈಬಿಟ್ಟಿವೆ ಎಂಬುದು. ಅಮೆರಿಕದ ಸರ್ವೋಚ್ಚ ನ್ಯಾಯಾಲಯವು 1977ರಲ್ಲಿ ಅರಿಜೋನಾದ ಇಬ್ಬರು ಯುವ ವಕೀಲರ ಪ್ರಕರಣದಲ್ಲಿ ಜಾಹೀರಾತಿಗೆ ಅನುಮತಿ ನೀಡಿತು. ಇಂಗ್ಲೆಂಡಿನ ಸಾಲಿಸಿಟರುಗಳಿಗೆ 1984ರಲ್ಲಿ ಅವಕಾಶ ದೊರೆಯಿತು. ಆದರೆ ಪೂರ್ತಿ ಕಥೆಯನ್ನು ಕೇಳಬೇಕು. ಅರಿಜೋನಾದವರು ಪತ್ರಿಕೆಯಲ್ಲಿ ಪ್ರಕಟಿಸಿದ್ದು ಸಾಮಾನ್ಯ ಕೆಲಸಗಳ ಶುಲ್ಕದ ಪಟ್ಟಿ. ಮರುವರ್ಷವೇ, 1978ರಲ್ಲಿ, ಅಪಘಾತದಲ್ಲಿ ಗಾಯಗೊಂಡ ಹದಿನೆಂಟರ ಹುಡುಗಿಯನ್ನು ಆಸ್ಪತ್ರೆಯಲ್ಲಿ ಕಂಡು ಕೆಲಸ ಯಾಚಿಸಿದ ಓಹಾಯೋದ ವಕೀಲನ ಮೇಲಿನ ಶಿಸ್ತುಕ್ರಮವನ್ನು ಅದೇ ನ್ಯಾಯಾಲಯ ಎತ್ತಿಹಿಡಿಯಿತು. 1995ರಲ್ಲಿ ಫ್ಲೋರಿಡಾದ ಪ್ರಕರಣದಲ್ಲಿ, ಅಪಘಾತವಾದ 30 ದಿನದವರೆಗೆ ಗಾಯಾಳುವಿಗೂ ಬಂಧುಗಳಿಗೂ ವಕೀಲರು ಪತ್ರ ಕಳುಹಿಸಬಾರದೆಂಬ ನಿಯಮವನ್ನೂ ಮಾನ್ಯ ಮಾಡಿತು. ಅಂದರೆ ಜಾಹೀರಾತಿಗೆ ಬಾಗಿಲು ತೆರೆದ ದೇಶವೂ ದುಃಖಿತನ ಹಾಸಿಗೆಯ ಬಳಿಗೆ ವಕೀಲನನ್ನು ಬಿಡಲಿಲ್ಲ.

ಟ್ರಸ್ಟುಗಳ ಪಾಲೆಷ್ಟು?

ದೋಷವನ್ನೆಲ್ಲ ಕರಿಕೋಟಿನ ಮೇಲೆ ಹೊರಿಸಿ ಸಮಾಜಬಾಂಧವರು ಕೈ ತೊಳೆದುಕೊಳ್ಳುವಂತಿಲ್ಲ. ಧಾಮಸಂಪ್ರೋಕ್ಷಣೆಗೋ ಪಂಚಕಲ್ಯಾಣಕ್ಕೋ ಹೊರಡುವ ಸ್ಮರಣ ಸಂಚಿಕೆಯ ಹಿಂಬದಿಯ ಪುಟಗಳನ್ನು ತಿರುವಿ ನೋಡಬೇಕು. ಜವಳಿ ಅಂಗಡಿ, ಹೋಟೆಲು, ಚಿನ್ನದ ಮಳಿಗೆಗಳ ನಡುವೆ ನ್ಯಾಯವಾದಿಗಳ ಶುಭಾಶಯವೂ ಭಾವಚಿತ್ರದೊಡನೆ ಅಚ್ಚಾಗಿರುವುದು ಅಪರೂಪವೇನಲ್ಲ. ಪುಟ ತುಂಬಬೇಕೆಂದು ಅದನ್ನು ಕೇಳಿ ಪಡೆಯುವವರು ಸಮಿತಿಯವರೇ. ಸಂಕೋಚದಿಂದ ಕೊಡುವ ವಕೀಲರೂ ಇದ್ದಾರೆ. ಉತ್ಸವದ ದಿನ ರಸ್ತೆಗೆ ಅಡ್ಡಲಾಗಿ ಕಟ್ಟುವ ಬ್ಯಾನರುಗಳದ್ದೂ ಇದೇ ಕಥೆ. ಧಾರ್ಮಿಕ, ಸಾಂಸ್ಕೃತಿಕ ಸಮಾರಂಭಗಳನ್ನು ವೃತ್ತಿಯ ಪ್ರಚಾರಕ್ಕೆ ಬಳಸಬಾರದೆಂದು 2025ರ ಪ್ರಕಟಣೆಯಲ್ಲಿ ಪರಿಷತ್ತು ಎಚ್ಚರಿಸಿದೆ. ದೇವರ ಸನ್ನಿಧಿಯಲ್ಲಿ ಒಬ್ಬ ಸಜ್ಜನ ವಕೀಲನನ್ನು ನಿಯಮಭಂಗಕ್ಕೆ ಒತ್ತಾಯಿಸುವ ಟ್ರಸ್ಟು ತಾನು ಯಾವ ಪುಣ್ಯವನ್ನು ಸಂಪಾದಿಸುತ್ತಿದೆ?

ವಾಟ್ಸಾಪ್ ಬಳಗಗಳ ಜವಾಬ್ದಾರಿ ಇನ್ನೂ ಹೆಚ್ಚಿನದು. ಪೂಜೆಯ ಸಮಯ, ಮುನಿಗಳ ವಿಹಾರ, ಮರಣದ ವಾರ್ತೆ ತಿಳಿಸಲು ರಚಿಸಿದ ಬಳಗದಲ್ಲಿ ಅಪರಿಚಿತ ವಕೀಲನ ಪ್ರಸಾರವನ್ನು ಯಾರೋ ಹಂಚುತ್ತಾರೆ. ಬಳಗದ ಹೆಸರಿನಿಂದಾಗಿ ಆ ಪ್ರಸಾರಕ್ಕೆ ಬಸದಿಯ ಮುದ್ರೆ ಬೀಳುತ್ತದೆ. ಓದುವವನು ಹೇಳಿದವನನ್ನು ನಂಬುವುದಿಲ್ಲ, ಕಳುಹಿಸಿದವನನ್ನು ನಂಬುತ್ತಾನೆ.

ಹಾಗಾದರೆ ಮಾಡಬೇಕಾದುದೇನು? ಸ್ಮರಣ ಸಂಚಿಕೆಗೆ ನ್ಯಾಯವಾದಿಗಳಿಂದ ದಾನ ಪಡೆಯಲಿ, ಜಾಹೀರಾತು ಪಡೆಯದಿರಲಿ. ದಾನಿಗಳ ಪಟ್ಟಿಯಲ್ಲಿ ಎಲ್ಲರ ಹೆಸರಿನ ಸಾಲಿನಲ್ಲಿ ಅವರ ಹೆಸರೂ ಇದ್ದರೆ ಸಾಕು. ಟ್ರಸ್ಟಿನ ಪದಾಧಿಕಾರಿಯಾದ ವಕೀಲನು ಆ ಪದವಿಯನ್ನು ಕಛೇರಿಯ ಫಲಕದ ಮೇಲೆ ಬರೆಸದಿರಲಿ. ಬಳಗಗಳಲ್ಲಿ ದೂರವಾಣಿ ಸಂಖ್ಯೆ ಇರುವ ಯಾವ ಕಾನೂನು ಪ್ರಸಾರವನ್ನೂ ಹಂಚಬಾರದೆಂಬ ನಿರ್ಣಯವನ್ನು ಮೊದಲ ಸಭೆಯಲ್ಲಿಯೇ ಸ್ವೀಕರಿಸಲಿ.

ಬೇಡವೆಂದರೆ ಸಾಲದು, ಬೇಕಾದುದನ್ನೂ ಒದಗಿಸಬೇಕು. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಅಧಿನಿಯಮದಂತೆ ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು, ಬಂಧನದಲ್ಲಿರುವವರು, ಕಡಿಮೆ ಆದಾಯದವರು ಉಚಿತವಾಗಿ ವಕೀಲರ ನೆರವು ಪಡೆಯುವ ಹಕ್ಕುಳ್ಳವರು. ಮಹಿಳೆಗೆ ಆದಾಯದ ಮಿತಿಯೂ ಇಲ್ಲವೆಂಬುದು ಎಷ್ಟು ಮನೆಗಳಿಗೆ ತಿಳಿದಿದೆ? 15100 ಎಂಬ ಸಂಖ್ಯೆಗೆ ಕರೆ ಮಾಡಿದರೆ ದಾರಿ ದೊರೆಯುತ್ತದೆ. ಪ್ರತಿ ಬಸದಿಯ ಸೂಚನಾ ಫಲಕದಲ್ಲಿ ಈ ಒಂದು ಸಂಖ್ಯೆ ಇದ್ದರೆ ನೂರು ಪ್ರಸಾರಗಳಿಗೆ ಉತ್ತರ ಕೊಟ್ಟಂತೆ. ಟ್ರಸ್ಟುಗಳು ತಾಲೂಕು ಕಾನೂನು ಸೇವಾ ಸಮಿತಿಯ ಸಹಕಾರದಿಂದ ವರ್ಷಕ್ಕೆರಡು ಮಾಹಿತಿ ಶಿಬಿರ ನಡೆಸಲಿ. ಕುಮ್ಕಿ, ಪಾಲುಪಟ್ಟಿ, ಉಯಿಲು, ಅಪಘಾತ ಪರಿಹಾರ ಮುಂತಾದ ವಿಷಯಗಳ ಮೇಲೆ ಸ್ಥಳೀಯ ಯುವ ನ್ಯಾಯವಾದಿಗಳು, ಅದರಲ್ಲಿಯೂ ಹೆಣ್ಣುಮಕ್ಕಳು, ಸರದಿಯಂತೆ ಮಾತನಾಡಲಿ. ಟ್ರಸ್ಟುಗಳ ದಸ್ತಾವೇಜು, ಗೇಣಿ ಕರಾರುಗಳಂತಹ ಚಿಕ್ಕ ಕೆಲಸಗಳನ್ನೂ ಅವರಿಗೆ ಸರದಿಯಂತೆ ಒಪ್ಪಿಸಲಿ. ವಕೀಲರ ಸಂಘಗಳು ಸದಸ್ಯರೆಲ್ಲರ ಹೆಸರು, ವಿಳಾಸ, ವೃತ್ತಿಯ ಕ್ಷೇತ್ರಗಳನ್ನು ಒಂದೇ ಅಕ್ಷರದ ಗಾತ್ರದಲ್ಲಿ ಪಟ್ಟಿಮಾಡಿ ತಾಲೂಕು ಕಛೇರಿಯ ಬಳಿ ತೂಗುಹಾಕಲಿ. ಆಗ ಕಡಬದ ಆ ಯುವ ವಕೀಲೆಯ ಹೆಸರೂ ಹಿರಿಯರ ಹೆಸರಿನ ಪಕ್ಕದಲ್ಲಿಯೇ ಇರುತ್ತದೆ, ಮತ್ತು ಜನ ಅವಳ ಮುಖವನ್ನು ಕಂಡು, ಮಾತನ್ನು ಕೇಳಿ, ಪ್ರಶ್ನೆ ಹಾಕಿ ನೋಡಿರುತ್ತಾರೆ. ಅಡಿಕೆಯನ್ನು ಕತ್ತರಿಸಿ ನೋಡಿದಂತೆ ವಕೀಲರನ್ನು ಪರೀಕ್ಷಿಸಲು ಇದಕ್ಕಿಂತ ಹತ್ತಿರದ ಉಪಾಯವಿಲ್ಲ.

ಎಲ್ಲಕ್ಕೂ ಮಿಗಿಲಾಗಿ, ವ್ಯಾಜ್ಯವೆಂಬುದು ಕೊನೆಯ ಮದ್ದೆಂಬ ತಿಳಿವಳಿಕೆ ಮನೆಮನೆಯಲ್ಲಿ ಉಳಿಯಬೇಕು. ಒಳ್ಳೆಯ ವಕೀಲನ ಲಕ್ಷಣಗಳಲ್ಲಿ ಮೊದಲನೆಯದು, ಈ ದಾವೆ ಬೇಡ, ಮನೆಗೆ ಹೋಗಿ ಅಣ್ಣನೊಡನೆ ಮಾತಾಡಿ ಎಂದು ಹೇಳುವ ಧೈರ್ಯ. ಆ ಮಾತನ್ನು ಹೇಳಿ ಶುಲ್ಕವನ್ನು ಬಿಟ್ಟುಕೊಟ್ಟ ವಕೀಲರು ಪುತ್ತೂರಿನಲ್ಲಿಯೂ ಸುಳ್ಯದಲ್ಲಿಯೂ ಇದ್ದರು, ಈಗಲೂ ಇದ್ದಾರೆ. ಅವರ ಹೆಸರು ಯಾವ ಪರದೆಯ ಮೇಲೂ ಮಿನುಗದು. ಅಂತಹವರನ್ನು ಹುಡುಕಿಕೊಂಡು ಮಹಡಿಯ ಮೆಟ್ಟಿಲು ಹತ್ತುವ ಶ್ರಮವನ್ನು ಸಮಾಜಬಾಂಧವರು ವಹಿಸಬೇಕು. ಮುಂದಿನ ಉತ್ಸವದ ಸಂಚಿಕೆಗೆ ಜಾಹೀರಾತು ಕೇಳಲು ಅದೇ ಮೆಟ್ಟಿಲು ಹತ್ತುವ ಸಮಿತಿಯವರು, ಅರ್ಧ ದಾರಿಯಲ್ಲಿ ಒಮ್ಮೆ ನಿಂತು ಯೋಚಿಸಿದರೆ ಸಾಕು.